ಅದುರುವ ಎಂಜಿನ್, ಅದುರದ ಎಂಜಿನ್: ಮಲೆನಾಡಿನ ರಸ್ತೆಗೆ ಯಾವ ಕ್ರೂಸರ್?

ಕ್ರೂಸರ್ ಮೋಟರ್‌ಸೈಕಲ್ಲುಗಳ ಎಂಜಿನ್‌ಗಳಲ್ಲಿ ಎರಡು ಬಗೆ. ಒಂದರ ಒಳಗೆ ನಡುಕ ತಗ್ಗಿಸಲೆಂದೇ ಸುತ್ತುವ ಬ್ಯಾಲೆನ್ಸರ್ ಶಾಫ್ಟ್ ಎಂಬ ದಂಡ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮೊದಲನೆಯದು ನುಣ್ಣಗೆ ಓಡುತ್ತದೆ, ಎರಡನೆಯದು ಕೈಕಾಲಿಗೆ ತನ್ನ ಇರವನ್ನು ತಿಳಿಸುತ್ತಲೇ ಓಡುತ್ತದೆ. ಯಾವುದನ್ನು ಕೊಳ್ಳಬೇಕೆಂಬ ಚರ್ಚೆ ಸಾಮಾನ್ಯವಾಗಿ ಅಭಿರುಚಿಯ ಮಾತಾಗಿ ಮುಗಿದುಹೋಗುತ್ತದೆ. ಆದರೆ ನಡುಕಕ್ಕೆ ಲೆಕ್ಕವಿದೆ, ಕಾರಣವಿದೆ, ಅದು ಹೆಚ್ಚುವ ಮತ್ತು ಇಳಿಯುವ ಸಂದರ್ಭಗಳೂ ಖಚಿತವಾಗಿವೆ. ಅವನ್ನು ತಿಳಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿ ಬಗೆಹರಿಯುತ್ತದೆ.

ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಏಳುವುದು ಹೆಚ್ಚಾಗಿ ರಾಯಲ್ ಎನ್‌ಫೀಲ್ಡ್‌ನ 350 ಸಿಸಿ ಗಾಡಿಗಳ ಸುತ್ತ. ಹಳೆಯ ಥಂಡರ್‌ಬರ್ಡ್, ಕ್ಲಾಸಿಕ್, ಬುಲೆಟ್‌ಗಳಲ್ಲಿ ಇದ್ದದ್ದು 346 ಸಿಸಿಯ ‘ಯುಸಿಇ’ ಎಂಜಿನ್. ಅದಕ್ಕೆ ಬ್ಯಾಲೆನ್ಸರ್ ಇಲ್ಲ. 2020ರ ನವೆಂಬರಿನಲ್ಲಿ ಮೀಟಿಯರ್ 350 ಜೊತೆ ಬಂದ 349 ಸಿಸಿಯ ‘ಜೆ’ ಸರಣಿಯ ಎಂಜಿನ್ನಿಗೆ ಬ್ಯಾಲೆನ್ಸರ್ ಇದೆ. 2021ರ ಸೆಪ್ಟೆಂಬರಿನಲ್ಲಿ ಕ್ಲಾಸಿಕ್, 2023ರ ಸೆಪ್ಟೆಂಬರಿನಲ್ಲಿ ಬುಲೆಟ್ ಕೂಡ ಈ ಹೊಸ ಎಂಜಿನ್ನಿಗೆ ಬದಲಾದವು. ಅಲ್ಲಿಂದೀಚೆಗೆ ಬ್ಯಾಲೆನ್ಸರ್ ಇಲ್ಲದ 350 ಎನ್‌ಫೀಲ್ಡ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಹುಡುಕಬೇಕು. ಹಾಗಾಗಿ ಇಂದು ಈ ಆಯ್ಕೆ ಎರಡು ಎಂಜಿನ್‌ಗಳ ನಡುವಿನದು ಮಾತ್ರವಲ್ಲ. ಹೊಸ ಗಾಡಿಯ ಕಂತಿಗೂ ಹಳೆಯ ಗಾಡಿಯ ರಿಪೇರಿಗೂ ನಡುವಿನದು.

ಎಂಜಿನ್ ಅದುರುವುದು ಏಕೆ ಎಂಬುದನ್ನು ಮೊದಲು ನೋಡಬೇಕು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಲ್ಲುತ್ತದೆ, ಕೆಳಗೆ ಬಂದು ನಿಲ್ಲುತ್ತದೆ, ಮತ್ತೆ ಮೇಲಕ್ಕೆ ಧಾವಿಸುತ್ತದೆ. ಪ್ರತಿ ಸಲ ಅದನ್ನು ತಡೆದು ದಿಕ್ಕು ತಿರುಗಿಸಲು ಬೇಕಾಗುವ ಬಲದ ಪ್ರತಿಕ್ರಿಯೆ ಕ್ರ್ಯಾಂಕಿನ ಬೇರಿಂಗ್ ಮೂಲಕ ಎಂಜಿನ್ನಿನ ಮೈಗೆ, ಅಲ್ಲಿಂದ ಫ್ರೇಮಿಗೆ, ಹ್ಯಾಂಡಲ್ಲಿಗೆ, ಫುಟ್‌ರೆಸ್ಟಿಗೆ ತಲುಪುತ್ತದೆ. ಹಳೆಯ ಬುಲೆಟ್ಟಿನ ಪಿಸ್ಟನ್ 90 ಮಿಲಿಮೀಟರ್ ಉದ್ದ ಚಲಿಸುತ್ತದೆ. ಪಿಸ್ಟನ್, ಅದರ ಪಿನ್ನು, ಕನೆಕ್ಟಿಂಗ್ ರಾಡಿನ ಮೇಲ್ತುದಿ ಸೇರಿ 400 ಗ್ರಾಂ ತೂಗುತ್ತವೆ ಎಂದಿಟ್ಟುಕೊಂಡರೆ, ಕ್ರ್ಯಾಂಕ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಈ ಬಲದ ತುದಿ ಸುಮಾರು 125 ಕಿಲೋ ತೂಕಕ್ಕೆ ಸಮ. 3,500 ಸುತ್ತಿಗೆ ಅದು 245 ಕಿಲೋ ದಾಟುತ್ತದೆ. 5,000 ಸುತ್ತಿಗೆ 500 ಕಿಲೋ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಈ ವರ್ಗದ ಲೆಕ್ಕವೇ ಇಡೀ ವಿಷಯದ ಬೆನ್ನೆಲುಬು. ನಿಧಾನವಾಗಿ ಓಡಿಸುವಾಗ ಹಿತವೆನಿಸಿದ ಗಾಡಿ ಹೆದ್ದಾರಿಯಲ್ಲಿ ಕೈ ಜೋಮು ಹಿಡಿಸುವುದಕ್ಕೆ ಗಾಡಿ ಕೆಟ್ಟಿರಬೇಕಾಗಿಲ್ಲ. ಸುತ್ತು ಹೆಚ್ಚಿದರೆ ಸಾಕು.

ಬ್ಯಾಲೆನ್ಸರ್ ಇಲ್ಲದ ಎಂಜಿನ್ನಿನಲ್ಲಿ ಸಮತೋಲನದ ಏರ್ಪಾಡೇ ಇಲ್ಲವೆಂದು ತಿಳಿಯುವುದು ತಪ್ಪು. ಎಲ್ಲ ಎಂಜಿನ್‌ಗಳ ಕ್ರ್ಯಾಂಕಿನಲ್ಲೂ ಕನೆಕ್ಟಿಂಗ್ ರಾಡು ಕೂಡುವ ಪಿನ್ನಿನ ಎದುರು ಬದಿಗೆ ಎದುರುತೂಕ ಇದ್ದೇ ಇರುತ್ತದೆ. ಪಿಸ್ಟನ್ ಮೇಲಕ್ಕೆ ಹೋದಾಗ ಎದುರುತೂಕ ಕೆಳಕ್ಕೆ ಎಳೆಯುತ್ತದೆ. ತೊಡಕು ಏನೆಂದರೆ, ಪಿಸ್ಟನ್ ಚಲಿಸುವುದು ನೇರ ಗೆರೆಯಲ್ಲಿ, ಎದುರುತೂಕ ಚಲಿಸುವುದು ವೃತ್ತದಲ್ಲಿ. ಪಿಸ್ಟನ್ನಿನ ಪೂರ್ತಿ ಬಲಕ್ಕೆ ಸರಿಹೊಂದುವಷ್ಟು ಎದುರುತೂಕ ಹಾಕಿದರೆ ಮೇಲೆ ಕೆಳಗಿನ ನಡುಕ ಹೋಗಿ, ಅಷ್ಟೇ ಪ್ರಮಾಣದ ನಡುಕ ಹಿಂದೆ ಮುಂದೆ ಶುರುವಾಗುತ್ತದೆ, ಏಕೆಂದರೆ ಪಿಸ್ಟನ್ ನಡುಹಾದಿಯಲ್ಲಿರುವಾಗ ಪಕ್ಕಕ್ಕೆ ಚಾಚಿದ ಎದುರುತೂಕವನ್ನು ತಡೆಯಲು ಅಲ್ಲಿ ಏನೂ ಇಲ್ಲ. ಆದ್ದರಿಂದ ವಿನ್ಯಾಸಕಾರರು ಸುಮಾರು ಅರ್ಧದಷ್ಟನ್ನು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚನ್ನು, ಸರಿದೂಗಿಸಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಆ ಉಳಿಕೆಯನ್ನು ಫ್ರೇಮ್ ಯಾವ ದಿಕ್ಕಿನಲ್ಲಿ ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದನ್ನು ನೋಡಿ ಪ್ರಮಾಣ ಗೊತ್ತುಮಾಡುತ್ತಾರೆ. ಹೀಗೆ 5,000 ಸುತ್ತಿನ 500 ಕಿಲೋದಲ್ಲಿ 250 ಕಿಲೋದಷ್ಟು ಬಲ ಉಳಿಯುತ್ತದೆ. ಅದು ಸೆಕೆಂಡಿಗೆ 83 ಸಲ ಸುತ್ತುತ್ತ ಸವಾರನ ಅಂಗೈವರೆಗೆ ಬರುತ್ತದೆ.

ಬ್ಯಾಲೆನ್ಸರ್ ಶಾಫ್ಟ್ ಕೆಲಸಕ್ಕೆ ಬರುವುದು ಈ ಉಳಿಕೆಯ ವಿಷಯದಲ್ಲಿ. ಎದುರುತೂಕದಿಂದ ಅರ್ಧ ಸರಿದೂಗಿಸಿದ ಮೇಲೆ ಉಳಿಯುವ ಬಲಕ್ಕೆ ಒಂದು ವಿಶೇಷ ಗುಣವಿದೆ: ಅದು ಕ್ರ್ಯಾಂಕ್ ಸುತ್ತುವ ದಿಕ್ಕಿಗೆ ವಿರುದ್ಧವಾಗಿ, ಅದೇ ವೇಗದಲ್ಲಿ ಸುತ್ತುವ ಬಲ. ಒಂದು ಬದಿಗೆ ತೂಕವಿಟ್ಟ ದಂಡವೊಂದನ್ನು ಗೇರಿನ ಮೂಲಕ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಸಮ ವೇಗದಲ್ಲಿ ತಿರುಗಿಸಿದರೆ ಆ ಬಲ ಅಲ್ಲಿಗೆ ಅಳಿಸಿಹೋಗುತ್ತದೆ. ಇದರ ತತ್ತ್ವ ಹೊಸದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ಕಾರುಗಳ ಎಂಜಿನ್ನಿಗೆ ಇಂಥ ದಂಡಗಳನ್ನು ರೂಪಿಸಿದ್ದ. ಮೋಟರ್‌ಸೈಕಲ್ಲಿನಲ್ಲಿ ಯಮಾಹಾ ಕಂಪನಿ 1972ರ ಟಿಎಕ್ಸ್ 750 ಗಾಡಿಗೆ ಇದನ್ನು ಅಳವಡಿಸಿತು. ಭಾರತದ ಎನ್‌ಫೀಲ್ಡ್‌ಗೆ ಬಂದದ್ದು 2016ರ ಹಿಮಾಲಯನ್ 411ರಲ್ಲಿ. ತಡವಾದದ್ದು ತಿಳಿವಳಿಕೆಯ ಕೊರತೆಯಿಂದಲ್ಲ. ಹೆಚ್ಚುವರಿ ದಂಡ, ಗೇರು, ಬೇರಿಂಗುಗಳ ಖರ್ಚು ಮತ್ತು ‘ಬುಲೆಟ್ ಹೀಗೇ ಇರಬೇಕು’ ಎಂಬ ಗಿರಾಕಿಯ ನಿರೀಕ್ಷೆ ಎರಡೂ ಸೇರಿ ಹಳೆಯ ರೂಪವನ್ನು ಬಹುಕಾಲ ಉಳಿಸಿದವು.

ಈ ದಂಡ ಮಾಡದ ಕೆಲಸಗಳೂ ಇವೆ, ಕೊಳ್ಳುವವರಿಗೆ ಇವನ್ನು ಯಾರೂ ಹೇಳುವುದಿಲ್ಲ. ಒಂದನೆಯದು, ಕನೆಕ್ಟಿಂಗ್ ರಾಡು ಓರೆಯಾಗಿ ಚಲಿಸುವುದರಿಂದ ಹುಟ್ಟುವ ಎರಡನೇ ದರ್ಜೆಯ ನಡುಕ. ಇದು ಕ್ರ್ಯಾಂಕಿನ ಎರಡು ಪಟ್ಟು ವೇಗದಲ್ಲಿ ಬಡಿಯುತ್ತದೆ. ಮೊದಲ ದರ್ಜೆಯ ಬಲದ ಸುಮಾರು ಕಾಲು ಭಾಗದಷ್ಟಿರುತ್ತದೆ. ಒಂದೇ ಬ್ಯಾಲೆನ್ಸರ್ ಇರುವ ಎಂಜಿನ್ ಇದನ್ನು ಮುಟ್ಟುವುದಿಲ್ಲ. ಹೊಸ ಕ್ಲಾಸಿಕ್ಕಿನಲ್ಲೂ ಸುತ್ತು ಏರಿದಾಗ ಫುಟ್‌ರೆಸ್ಟಿನಲ್ಲಿ ಸಣ್ಣ ಝುಮುಗುಟ್ಟುವಿಕೆ ಉಳಿಯುವುದಕ್ಕೆ ಇದು ಒಂದು ಕಾರಣ. ಎರಡನೆಯದು ಮಲೆನಾಡಿಗೆ ಇನ್ನೂ ಹತ್ತಿರದ್ದು: ಸ್ಫೋಟದ ಬಡಿತದಿಂದ ಬರುವ ಜಗ್ಗಾಟ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿನಲ್ಲಿ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದೇ ಸಲ ಪೆಟ್ರೋಲ್ ಉರಿಯುತ್ತದೆ. ಸುತ್ತು ಕಡಿಮೆಯಾದಷ್ಟೂ ಈ ಬಡಿತಗಳ ನಡುವಿನ ಅಂತರ ಹಿಗ್ಗಿ ಚೈನು ಜಗ್ಗುತ್ತದೆ, ಗಾಡಿ ಗಡಗಡಿಸುತ್ತದೆ. ಇದನ್ನು ತಗ್ಗಿಸುವುದು ಬ್ಯಾಲೆನ್ಸರ್ ಅಲ್ಲ, ಫ್ಲೈವೀಲಿನ ಭಾರ ಮತ್ತು ಸವಾರನ ಗೇರ್ ಆಯ್ಕೆ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋದವರು ವಾಪಸು ಹತ್ತುವಾಗ, ಹಿಂದೆ ಒಬ್ಬರು ಕೂತು ಜೊತೆಗೆ ಲಗೇಜೂ ಇದ್ದಾಗ, ಟಾಪ್ ಗೇರಿನಲ್ಲೇ ಎಳೆಸಿದರೆ ಯಾವ ಬಗೆಯ ಎಂಜಿನ್ ಆದರೂ ನರಳುತ್ತದೆ. ಗೇರ್ ಇಳಿಸುವುದೊಂದೇ ಅಲ್ಲಿ ಉಪಾಯ.

ನಡುಕವನ್ನು ಹುಟ್ಟಿದಲ್ಲೇ ಅಳಿಸುವ ಬದಲು ಸವಾರನಿಗೆ ತಲುಪದಂತೆ ತಡೆಯುವುದು ಬೇರೆ ದಾರಿ. ಎಂಜಿನ್ ಮತ್ತು ಫ್ರೇಮಿನ ನಡುವೆ ರಬ್ಬರ್ ಕೊಟ್ಟರೆ ಎಂಜಿನ್ ಕುಣಿಯುತ್ತಿದ್ದರೂ ಹ್ಯಾಂಡಲ್ ಶಾಂತವಾಗಿರುತ್ತದೆ. ಬ್ರಿಟನ್ನಿನ ನಾರ್ಟನ್ ಕಂಪನಿ 1967ರಲ್ಲಿ ಕಮಾಂಡೊ ಗಾಡಿಗೆ ಈ ಏರ್ಪಾಡು ಮಾಡಿ ಹೆಸರು ಗಳಿಸಿತು. ಕ್ರೂಸರುಗಳ ಲೋಕದಲ್ಲಿ ಎರಡೂ ದಾರಿಗಳನ್ನು ಅಕ್ಕಪಕ್ಕದಲ್ಲಿ ತೋರಿಸಿದ್ದು ಅಮೆರಿಕದ ಹಾರ್ಲೆ ಡೇವಿಡ್‌ಸನ್. ಅದರ 45 ಡಿಗ್ರಿಯ ವಿ-ಟ್ವಿನ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್‌ಗಳು ಒಂದೇ ಪಿನ್ನಿಗೆ ಜೋಡಿಸಿಕೊಂಡಿರುತ್ತವೆ. ಆ ಕೋನ 90 ಡಿಗ್ರಿ ಇದ್ದಿದ್ದರೆ ಮೊದಲ ದರ್ಜೆಯ ಬಲವನ್ನು ಕ್ರ್ಯಾಂಕಿನ ಎದುರುತೂಕವೊಂದೇ ಪೂರ್ತಿ ಸರಿದೂಗಿಸುತ್ತಿತ್ತು. 45 ಡಿಗ್ರಿಯಲ್ಲಿ ಹಾಗಾಗುವುದಿಲ್ಲ, ಎಂಜಿನ್ ಗಟ್ಟಿಯಾಗಿ ಅದುರುತ್ತದೆ. 1999ರ ಮಾದರಿಗಳಲ್ಲಿ ಬಂದ ಟ್ವಿನ್ ಕ್ಯಾಮ್ 88 ಎಂಜಿನ್ನಿಗೆ ಬ್ಯಾಲೆನ್ಸರ್ ಇರಲಿಲ್ಲ. ಅದನ್ನು ರಬ್ಬರ್ ಮೇಲೆ ಕೂರಿಸಿದ್ದರು. ಮರುವರ್ಷ ಸಾಫ್ಟೇಲ್ ಗಾಡಿಗಳಿಗೆಂದು ಬಂದ 88ಬಿ ಎಂಜಿನ್ನಿಗೆ ಎರಡು ಬ್ಯಾಲೆನ್ಸರುಗಳನ್ನು ಕೊಟ್ಟು ಫ್ರೇಮಿಗೆ ನೇರವಾಗಿ ಬಿಗಿದರು, ಏಕೆಂದರೆ ಆ ಫ್ರೇಮಿನ ಅಂದ ರಬ್ಬರಿಗೆ ಜಾಗ ಬಿಡುತ್ತಿರಲಿಲ್ಲ. 2017ರ ಮಾದರಿಗಳಿಂದ ಬಂದ ಮಿಲ್ವಾಕಿ-ಎಯ್ಟ್ ಎಂಜಿನ್ನಿನಲ್ಲಿ ಎರಡೂ ದಾರಿ ಕೂಡಿದವು: ದೂರ ಪ್ರಯಾಣದ ಗಾಡಿಗೆ ಒಂದು ಬ್ಯಾಲೆನ್ಸರ್ ಜೊತೆಗೆ ರಬ್ಬರ್, ಸಾಫ್ಟೇಲಿಗೆ ಎರಡು ಬ್ಯಾಲೆನ್ಸರ್ ಮತ್ತು ಗಟ್ಟಿ ಬಿಗಿತ. ದೂರ ಪ್ರಯಾಣದ ಗಾಡಿಯಲ್ಲಿ ನಡುಕವನ್ನು ಪೂರ್ತಿ ಅಳಿಸಬಹುದಿತ್ತು. ನಿಂತಲ್ಲಿ ತುಸು ಉಳಿಯಲಿ ಎಂದು ಬೇಕೆಂದೇ ಬಿಟ್ಟರು. ಜಗತ್ತಿನ ಹಳೆಯ ಕ್ರೂಸರ್ ತಯಾರಕರಲ್ಲಿ ಒಬ್ಬರು ಕೊನೆಗೆ ತಲುಪಿದ ನೆಲೆ ಇದು.

ಎನ್‌ಫೀಲ್ಡ್‌ಗೆ ಆ ರಬ್ಬರಿನ ಅನುಕೂಲ ಇರಲಿಲ್ಲ. ಯುಸಿಇ ಕ್ಲಾಸಿಕ್ಕಿನಲ್ಲಿ ಎಂಜಿನ್ ಫ್ರೇಮಿನ ಒಂದು ಅಂಗವೇ ಆಗಿ, ನೇರವಾಗಿ ಬೋಲ್ಟು ಬಿಗಿದುಕೊಂಡು, ಭಾರ ಹೊರುತ್ತದೆ. ಹಾಗಾಗಿ ಹುಟ್ಟಿದ ನಡುಕವೆಲ್ಲ ಫ್ರೇಮಿನ ಪಾಲು.

ಸಿಲಿಂಡರುಗಳ ಸಂಖ್ಯೆ ಹೆಚ್ಚಿಸುವುದೂ ಸಮತೋಲನದ ಒಂದು ದಾರಿಯೇ. ಇದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಅದರ ಹೆಸರಾದ 250 ಸಿಸಿ ಗಾಡಿಗಳು ಒಂಟಿ ಸಿಲಿಂಡರಿನ ಎರಡು ಸ್ಟ್ರೋಕಿನವು, ಬ್ಯಾಲೆನ್ಸರ್ ಇಲ್ಲದವು. ಅವುಗಳಲ್ಲಿ ಪಿಸ್ಟನ್ನಿನ ಓಟ 75 ಮಿಲಿಮೀಟರ್ ಮಾತ್ರ, ಪ್ರತಿ ಸುತ್ತಿಗೂ ಒಂದು ಸ್ಫೋಟ. ಆದ್ದರಿಂದ ಬಡಿತ ಬುಲೆಟ್ಟಿಗಿಂತ ಒತ್ತೊತ್ತಾಗಿ, ಚಿಕ್ಕದಾಗಿ ಇರುತ್ತದೆ. 1980ರ ದಶಕದಲ್ಲಿ ಅದೇ ಕಾರ್ಖಾನೆ ಎರಡು ಸಿಲಿಂಡರಿನ 350 ಗಾಡಿಯನ್ನೂ ಮಾರಿತು. ಅದರಲ್ಲಿ ಒಂದು ಪಿಸ್ಟನ್ ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ. ಮೊದಲ ದರ್ಜೆಯ ಬಲಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆ ದರ್ಜೆಯಲ್ಲಿ ಎಡ ಬಲಕ್ಕೆ ತೊನೆಯುವ ಸಣ್ಣ ತೂಗಾಟ ಮಾತ್ರ ಉಳಿಯುತ್ತದೆ. ಹಳೆಯ ಬ್ರಿಟಿಷ್ ಟ್ವಿನ್‌ಗಳಲ್ಲಿ ಎರಡೂ ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದವು. ನಡುಕದ ಮಟ್ಟಿಗೆ ಅವು ದೊಡ್ಡದೊಂದು ಒಂಟಿ ಸಿಲಿಂಡರಿಗೆ ಸಮ. 2018ರಲ್ಲಿ ಬಂದ ಎನ್‌ಫೀಲ್ಡಿನ 648 ಸಿಸಿ ಎಂಜಿನ್, 2023ರಿಂದ ಸೂಪರ್ ಮೀಟಿಯರ್ ಎಂಬ ಕ್ರೂಸರಿನಲ್ಲೂ ಇರುವುದು, 270 ಡಿಗ್ರಿಯ ಕ್ರ್ಯಾಂಕ್ ಬಳಸುತ್ತದೆ. ಅದರಲ್ಲಿ ಎರಡನೇ ದರ್ಜೆಯ ಬಲಗಳು ತಾವಾಗಿಯೇ ಅಳಿಯುತ್ತವೆ, ಮೊದಲ ದರ್ಜೆಯದನ್ನು ಬ್ಯಾಲೆನ್ಸರ್ ನೋಡಿಕೊಳ್ಳುತ್ತದೆ. ನುಣುಪಿನಲ್ಲಿ ಅದು 350ಗಳಿಗಿಂತ ಬಹಳ ಮುಂದೆ. ಆದರೆ ಆ ಕ್ರೂಸರಿನ ತೂಕ 240 ಕಿಲೋದಷ್ಟು. ಮಳೆಗಾಲದ ಜೇಡಿಮಣ್ಣಿನ ತೋಟದ ದಾರಿಯಲ್ಲಿ ಆ ತೂಕ ಒಬ್ಬರ ಕೈಗೆ ಮೀರಿದ್ದು.

350ರ ಎರಡು ಎಂಜಿನ್‌ಗಳನ್ನು ಎದುರುಬದುರು ಇಟ್ಟು ನೋಡಿದರೆ ಅಂಕಿಗಳಲ್ಲಿ ಅಂತರ ಅಷ್ಟೇನೂ ಇಲ್ಲ. ಯುಸಿಇ ಸಿಲಿಂಡರಿನ ಅಗಲ 70, ಪಿಸ್ಟನ್ ಓಟ 90 ಮಿಲಿಮೀಟರ್. ಇದು 1955ರಲ್ಲಿ ಮದರಾಸಿನಲ್ಲಿ ತಯಾರಿಕೆ ಶುರುವಾದ ಬುಲೆಟ್ಟಿನದೇ ಅಳತೆ. ಶಕ್ತಿ 5,250 ಸುತ್ತಿಗೆ 19.8 ಬಿಎಚ್‌ಪಿ, ತಿರುಚು ಬಲ 4,000 ಸುತ್ತಿಗೆ 28 ನ್ಯೂಟನ್ ಮೀಟರ್. ಜೆ ಸರಣಿಯಲ್ಲಿ ಅಗಲ 72, ಓಟ 85.8, ಶಕ್ತಿ 6,100 ಸುತ್ತಿಗೆ 20.2 ಬಿಎಚ್‌ಪಿ, ತಿರುಚು ಬಲ 4,000 ಸುತ್ತಿಗೆ 27. ಕಾಗದದ ಮೇಲೆ ತಿರುಚು ಬಲದಲ್ಲಿ ಹೊಸದು ತುಸು ಹಿಂದೆಯೇ ಇದ್ದಂತಿದೆ. ವ್ಯತ್ಯಾಸ ಇರುವುದು ಆ ಶಕ್ತಿಯನ್ನು ಎಷ್ಟು ಹೊತ್ತು ಬಳಸಬಹುದು ಎಂಬುದರಲ್ಲಿ. ಹಳೆಯ ಎಂಜಿನ್ 5,250 ಸುತ್ತು ತಿರುಗಬಲ್ಲದು, ಆದರೆ ಅಲ್ಲಿ ಅದನ್ನು ಅರ್ಧ ಗಂಟೆ ಹಿಡಿದಿಡಲು ಸವಾರನ ಕೈ ಒಪ್ಪುವುದಿಲ್ಲ. ಹೊಸದು ಒಪ್ಪಿಸುತ್ತದೆ. ಹೋಂಡಾ 2020ರ ಸೆಪ್ಟೆಂಬರಿನಲ್ಲಿ ತಂದ ಹೈನೆಸ್ ಸಿಬಿ 350 ಇನ್ನೊಂದು ಹೋಲಿಕೆಗೆ ಒದಗುತ್ತದೆ. ಅದರ ಪಿಸ್ಟನ್ ಓಟ 90.5 ಮಿಲಿಮೀಟರ್, ಹಳೆಯ ಬುಲೆಟ್ಟಿಗಿಂತಲೂ ತುಸು ಉದ್ದ. ಬ್ಯಾಲೆನ್ಸರ್ ಇರುವುದರಿಂದ ನಡುಕ ಮಾತ್ರ ಕಡಿಮೆ. ಉದ್ದ ಓಟದ ಎಂಜಿನ್ ಅದುರಲೇಬೇಕು ಎಂಬ ವಾದವನ್ನು ಈ ಒಂದು ಗಾಡಿಯೇ ಸುಳ್ಳು ಮಾಡುತ್ತದೆ.

ಬುಲೆಟ್ಟಿನ ಸದ್ದಿನ ಬಗ್ಗೆಯೂ ಇಂಥದೇ ತಪ್ಪು ಗ್ರಹಿಕೆ ಹರಡಿದೆ. ಬ್ಯಾಲೆನ್ಸರ್ ಹಾಕಿ ‘ದುಗು ದುಗು’ ಕೊಂದರು ಎಂದು ಹಳೆಯ ಅಭಿಮಾನಿಗಳು ನೊಂದುಕೊಳ್ಳುವುದುಂಟು. ಆ ಸದ್ದು ಹುಟ್ಟುವುದು ಎಂಜಿನ್ನಿನ ಅದುರುವಿಕೆಯಿಂದಲ್ಲ, ಸೈಲೆನ್ಸರಿನಿಂದ ಬಿಟ್ಟುಬಿಟ್ಟು ಹೊರಬರುವ ಹೊಗೆಯ ಬಡಿತದಿಂದ. ನಿಂತಲ್ಲಿ 1,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ನಿಮಿಷಕ್ಕೆ 500 ಬಡಿತ. ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ಟುಗಳನ್ನು ಇನ್ನೂ ಕೆಳಗಿನ ಸುತ್ತಿಗೆ ಇಳಿಸಿ ಒಂದೊಂದು ಬಡಿತವೂ ಬೇರೆಬೇರೆ ಕೇಳುವಂತೆ ಮಾಡಲಾಗುತ್ತಿತ್ತು. ಆ ಸದ್ದು ಬದಲಾದದ್ದಕ್ಕೆ ಹೊಗೆ ಮತ್ತು ಸದ್ದಿನ ನಿಯಮಗಳು, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6, ಸೈಲೆನ್ಸರಿನೊಳಗಿನ ಶೋಧಕ, ಇಂಧನ ಇಂಜೆಕ್ಷನ್ ಕಾರಣ. ಬ್ಯಾಲೆನ್ಸರಿಗೆ ಅದರಲ್ಲಿ ಪಾಲಿಲ್ಲ.

ಇನ್ನು ರಸ್ತೆಯ ವಿಷಯ. ಆಯ್ಕೆಯಲ್ಲಿ ಎಂಜಿನ್ನಿನಷ್ಟೇ ಮುಖ್ಯವಾದ ಅಂಶ ಇದು. ಹೊಸನಗರದಿಂದ ಸಾಗರಕ್ಕೋ ತೀರ್ಥಹಳ್ಳಿಗೋ ಹೋಗುವ ದಾರಿಗಳಲ್ಲಿ ನೇರ ತುಣುಕುಗಳು ಚಿಕ್ಕವು. ತಿರುವು, ಏರು, ಇಳಕಲು, ದರೆಯಿಂದ ಇಳಿದ ಮಣ್ಣು, ಎದುರಿಗೆ ಬಸ್ಸು. ಗಾಡಿ ಬಹುಪಾಲು 40ರಿಂದ 60 ಕಿಲೋಮೀಟರ್ ವೇಗದಲ್ಲೇ ಓಡುತ್ತದೆ, ಎಂಜಿನ್ ಎರಡು ಮೂರು ಸಾವಿರ ಸುತ್ತಿನ ಒಳಗೆ ಇರುತ್ತದೆ. ಮೇಲಿನ ವರ್ಗದ ಲೆಕ್ಕದಂತೆ ಅಲ್ಲಿ ನಡುಕದ ಬಲ ಹೆದ್ದಾರಿಯ ವೇಗದಲ್ಲಿರುವುದಕ್ಕಿಂತ ಸಾಕಷ್ಟು ಕಡಿಮೆ. ಬ್ಯಾಲೆನ್ಸರ್ ಇಲ್ಲದ ಬುಲೆಟ್ ಮಲೆನಾಡಿನಲ್ಲಿ ದಶಕಗಟ್ಟಲೆ ಒಗ್ಗಿಕೊಂಡದ್ದಕ್ಕೆ ಈ ನಿಧಾನವೂ ಒಂದು ಮುಖ್ಯ ಕಾರಣ. ಭಾರದ ಫ್ಲೈವೀಲ್ ಇರುವುದರಿಂದ ಕಡಿಮೆ ಸುತ್ತಿನಲ್ಲೂ ಎಂಜಿನ್ ನಿಲ್ಲದೆ ಎಳೆಯುತ್ತದೆ. ತಿರುವಿನ ಏರಿನಲ್ಲಿ ಕ್ಲಚ್ಚಿನ ಹಂಗಿಲ್ಲದೆ ಹತ್ತುತ್ತದೆ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಲಾಂಚಿನಲ್ಲಿ ಗಾಡಿ ಹತ್ತಿಸಿ ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುತ್ತಿದ್ದವರ ಪ್ರಯಾಣಕ್ಕೆ ಹೆಚ್ಚಿನ ವೇಗವೇ ಬೇಕಿರಲಿಲ್ಲ.

ಆದರೆ ಘಾಟಿಗಳಲ್ಲಿ ಈ ಲೆಕ್ಕ ತುಸು ಬದಲಾಗುತ್ತದೆ. ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಗಾಡಿಯ ವೇಗ 30 ದಾಟದಿದ್ದರೂ ಎಂಜಿನ್ ಸುತ್ತು ಹೆಚ್ಚಿರುತ್ತದೆ. ಕಂಪನವನ್ನು ನಿರ್ಧರಿಸುವುದು ಎಂಜಿನ್ನಿನ ಸುತ್ತೇ ಹೊರತು ಸ್ಪೀಡೋಮೀಟರಿನ ಮುಳ್ಳಲ್ಲ. ಘಾಟಿ ಅರ್ಧ ಗಂಟೆಯೊಳಗೆ ಮುಗಿಯುವುದರಿಂದ ಅದು ಸಹಿಸುವಷ್ಟರಲ್ಲೇ ಇರುತ್ತದೆ. ನಿಜವಾದ ಪರೀಕ್ಷೆ ಎದುರಾಗುವುದು ಶಿವಮೊಗ್ಗ ದಾಟಿ ಬೆಂಗಳೂರಿನ ದಾರಿ ಹಿಡಿದಾಗ. ಹೊಸನಗರದಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್. ಅದರಲ್ಲಿ ದೊಡ್ಡ ಭಾಗ ಅಗಲವಾದ, ನೇರವಾದ ಹೆದ್ದಾರಿ. ಅಲ್ಲಿ 80 ದಾಟಿ ಹೋಗಬೇಕೆನಿಸುತ್ತದೆ, ಯುಸಿಇ ಎಂಜಿನ್ನಿನ ನಡುಕ ಚುಚ್ಚತೊಡಗುವುದೂ ಸರಿಸುಮಾರು ಅದೇ ವೇಗದಿಂದ. ಹಬ್ಬಕ್ಕೆ, ತೋಟದ ಕೆಲಸಕ್ಕೆ ಬೆಂಗಳೂರಿನಿಂದ ಊರಿಗೆ ಬೈಕಿನಲ್ಲಿ ಬರುವ ಯುವಕರು ಮಲೆನಾಡಿನ ಮನೆಮನೆಯಲ್ಲೂ ಇದ್ದಾರೆ. ಬ್ಯಾಲೆನ್ಸರಿನ ಬೆಲೆ ಅವರಿಗೆ ಗೊತ್ತಾಗುವಷ್ಟು ಊರೊಳಗೇ ಓಡಾಡುವವರಿಗೆ ಗೊತ್ತಾಗುವುದಿಲ್ಲ.

ದೇಹದ ಮೇಲೆ ನಡುಕದ ಪರಿಣಾಮವನ್ನು ಹಗುರಾಗಿ ಕಾಣಬಾರದು. ಕಲ್ಲು ಕೊರೆಯುವ ಯಂತ್ರ, ಮರ ಕೊಯ್ಯುವ ಯಂತ್ರ ಹಿಡಿದು ವರ್ಷಾನುಗಟ್ಟಲೆ ದುಡಿದವರ ಬೆರಳುಗಳಲ್ಲಿ ರಕ್ತಸಂಚಾರ ಕುಂದಿ, ನರಗಳು ಜಡವಾಗಿ, ತಣ್ಣಗಿನ ಹೊತ್ತಿನಲ್ಲಿ ಬೆರಳು ಬಿಳಿಚಿಕೊಳ್ಳುವ ಕಾಯಿಲೆ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಪರಿಚಿತ. ಐರೋಪ್ಯ ಒಕ್ಕೂಟ 2002ರ ನಿಯಮದಲ್ಲಿ ಎಂಟು ಗಂಟೆಯ ದುಡಿಮೆಗೆ ಕೈಗೆ ತಲುಪುವ ಕಂಪನದ ಸರಾಸರಿ ಪ್ರತಿ ಸೆಕೆಂಡ್ ವರ್ಗಕ್ಕೆ 2.5 ಮೀಟರ್ ಮುಟ್ಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕೆಂದೂ 5 ಮೀಟರ್ ದಾಟಲೇಬಾರದೆಂದೂ ಗೊತ್ತುಮಾಡಿದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ ಸವಾರನಿಗೆ ಇದರಿಂದ ಭಯವಿಲ್ಲ. ದಿನವಿಡೀ ಗಾಡಿಯ ಮೇಲೆಯೇ ಇರುವ ಮಾರಾಟ ಪ್ರತಿನಿಧಿ, ಊರೂರು ತಿರುಗುವ ಸಾಲ ವಸೂಲಿಯವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಸವಾರಿ ಮುಗಿದು ಗಂಟೆಯಾದರೂ ಬೆರಳಿನ ಜೋಮು ಇಳಿಯದಿದ್ದರೆ ಅದನ್ನು ಗಂಡಸುತನದ ಗುರುತೆಂದು ನುಂಗಿಕೊಳ್ಳದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹಿಂದೆ ಕೂರುವವರ ಪಾಡನ್ನು ಗಾಡಿ ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಅವರ ಫುಟ್‌ರೆಸ್ಟುಗಳು ಅನೇಕ ಗಾಡಿಗಳಲ್ಲಿ ಫ್ರೇಮಿಗೆ ನೇರವಾಗಿ ಬಿಗಿದಿರುತ್ತವೆ. ಸವಾರನಿಗೆ ಹ್ಯಾಂಡಲ್ ಹಿಡಿದ ಆಸರೆಯಾದರೂ ಇದೆ. ಅವರಿಗೆ ಅದೂ ಇಲ್ಲ.

ಗಾಡಿಯ ಮೈಗೂ ನಡುಕ ಪೆಟ್ಟು ಕೊಡುತ್ತದೆ. ನಂಬರ್ ಪ್ಲೇಟಿನ ಪಟ್ಟಿ ಬಿರುಕು ಬಿಡುವುದು, ಸೈಲೆನ್ಸರಿನ ಕ್ಲಾಂಪು ಸಡಿಲಾಗುವುದು, ಹೆಡ್‌ಲೈಟಿನ ಬಲ್ಬು ಸುಡುವುದು, ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗಿ ಕಾಣುವುದು ಬ್ಯಾಲೆನ್ಸರ್ ಇಲ್ಲದ ಗಾಡಿಗಳ ಮಾಮೂಲಿ ದೂರುಗಳು. ಮಲೆನಾಡಿನಲ್ಲಿ ಇವೆಲ್ಲಕ್ಕೂ ಎಂಜಿನ್ನನ್ನೇ ದೂರುವುದು ಸರಿಯಲ್ಲ, ಅರ್ಧ ಕೆಲಸ ಗುಂಡಿಗಳದ್ದು. ಯಾವುದು ಯಾರದೆಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಒಳ್ಳೆಯ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಗೇರ್ ಬದಲಿಸಬೇಕು. ಗೇರ್ ಬದಲಾದಾಗ ನಡುಕವೂ ಬದಲಾದರೆ ಅದು ಎಂಜಿನ್ನಿನದು. ಬದಲಾಗದೆ ಹಾಗೇ ಇದ್ದರೆ ಟೈರು, ರಿಮ್ಮು ಅಥವಾ ಬೇರಿಂಗಿನದು. ಎಂಜಿನ್ನಿನದೇ ಎಂದಾದರೂ ಎಲ್ಲವೂ ಹುಟ್ಟುಗುಣವಲ್ಲ. ಎಂಜಿನ್ ಬಿಗಿಯುವ ಬೋಲ್ಟು ಸಡಿಲಾಗಿರಬಹುದು, ಚೈನು ಒಂದೆಡೆ ಬಿಗಿ ಒಂದೆಡೆ ಸಡಿಲ ಇರಬಹುದು. ಇವನ್ನು ಸರಿಮಾಡಿ ಹ್ಯಾಂಡಲ್ಲಿನ ತುದಿಗೆ ತೂಕ ಹಾಕಿದರೆ ಹಳೆಯ ಗಾಡಿಯ ನಡುಕವೂ ಗಮನಾರ್ಹವಾಗಿ ಇಳಿಯುತ್ತದೆ.

ಬ್ಯಾಲೆನ್ಸರ್ ಇರುವ ಎಂಜಿನ್ನಿಗೆ ತನ್ನದೇ ಆದ ಬೇಡಿಕೆಗಳಿವೆ. ಆ ದಂಡ ಸದಾ ಕ್ರ್ಯಾಂಕಿನ ವೇಗದಲ್ಲಿ ತಿರುಗುವುದರಿಂದ ಅದರ ಬೇರಿಂಗಿಗೆ ಶುದ್ಧ ಆಯಿಲ್ ತಪ್ಪಬಾರದು. ಎಂಜಿನ್ ಬಿಚ್ಚಿ ಜೋಡಿಸುವಾಗ ಕ್ರ್ಯಾಂಕಿನ ಗೇರು ಮತ್ತು ಬ್ಯಾಲೆನ್ಸರಿನ ಗೇರಿನ ಮೇಲಿನ ಗುರುತುಗಳು ಕರಾರುವಾಕ್ಕಾಗಿ ಕೂಡಬೇಕು. ಒಂದೆರಡು ಹಲ್ಲು ತಪ್ಪಿದರೆ ಬ್ಯಾಲೆನ್ಸರ್ ಸರಿಯಾದ ಹೊತ್ತಿನಲ್ಲಿ ಎಳೆಯುವುದಿಲ್ಲ. ಹೆಚ್ಚು ತಪ್ಪಿದರೆ ನಡುಕ ಅಳಿಯುವ ಬದಲು ಬೆಳೆಯುತ್ತದೆ. ಹಳೆಯ ಬುಲೆಟ್ ಬಿಚ್ಚಿ ಕೈ ಪಳಗಿದ ಹಳ್ಳಿಯ ಮೆಕ್ಯಾನಿಕ್‌ಗೆ ಇದು ಅಸಾಧ್ಯವಾದ ಕೆಲಸವೇನಲ್ಲ, ಆದರೆ ಸರ್ವಿಸ್ ಪುಸ್ತಕ ನೋಡದೆ ಅಂದಾಜಿನಲ್ಲಿ ಮಾಡುವ ಕೆಲಸವೂ ಅಲ್ಲ. ಇದರ ಜೊತೆಗೆ ಮಲೆನಾಡಿಗೆ ಸಂಬಂಧಿಸಿದ ಇನ್ನೊಂದು ಮಾತು: ಯುಸಿಇ ಗಾಡಿಗಳಲ್ಲಿ ಕಿಕ್ಕರ್ ಇದೆ, ಜೆ ಸರಣಿಯಲ್ಲಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲಿ ದಿನಗಟ್ಟಲೆ ನಿಲ್ಲುವ ಗಾಡಿಯ ಬ್ಯಾಟರಿ ಇಳಿದರೆ ಕಿಕ್ಕರಿನ ಬೆಲೆ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಯುಸಿಇ ಕೊಳ್ಳುವವರು ನಡುಕದ ಹೆಸರಿನಲ್ಲಿ ಸವೆತವನ್ನು ಮರೆಮಾಡುವ ಮಾರಾಟಗಾರರ ಬಗ್ಗೆ ಎಚ್ಚರ ವಹಿಸಬೇಕು. ‘ಬುಲೆಟ್ ಅಂದ್ರೆ ಹಿಂಗೇ’ ಎಂಬ ಮಾತು ಕ್ರ್ಯಾಂಕಿನ ಬೇರಿಂಗ್ ಹೋದ ಗಾಡಿಗೂ ಅನ್ವಯಿಸಿಬಿಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕೆಳಗಿನಿಂದ ಟಕಟಕ ಬಡಿತ ಕೇಳಿದರೆ, ಇಳಿಸಿದ ಆಯಿಲಿನಲ್ಲಿ ಲೋಹದ ಪುಡಿ ಹೊಳೆದರೆ, ಅದು ಹುಟ್ಟುಗುಣದ ನಡುಕವಲ್ಲ, ದೊಡ್ಡ ರಿಪೇರಿಯ ಮುನ್ಸೂಚನೆ. ಎಲೆಕ್ಟ್ರಿಕ್ ಸ್ಟಾರ್ಟರಿನ ಸ್ಪ್ರ್ಯಾಗ್ ಕ್ಲಚ್ಚು ಆ ಎಂಜಿನ್ನಿನ ಗೊತ್ತಿರುವ ದುರ್ಬಲ ಜಾಗ; ಬಟನ್ ಒತ್ತಿದಾಗ ಕಟಕಟ ಜಾರಿದರೆ ಬೆಲೆಯಲ್ಲಿ ಅದನ್ನು ಕಳೆಯಬೇಕು. ಅದೇ ಕಾಲದ ಕ್ಲಾಸಿಕ್ 500ಕ್ಕೂ ಬ್ಯಾಲೆನ್ಸರ್ ಇಲ್ಲ. ಓಟ ಅದೇ 90 ಮಿಲಿಮೀಟರ್, ಸಿಲಿಂಡರಿನ ಅಗಲ 84. ಪಿಸ್ಟನ್ ಇನ್ನೂ ಭಾರ, ನಡುಕ ಇನ್ನೂ ಜೋರು. ತಯಾರಿಕೆ ನಿಂತುಹೋದ ಆ ಗಾಡಿಯನ್ನು ಶಕ್ತಿಯ ಆಸೆಗೆ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ಶೋರೂಮಿನ ಮುಂದಿನ ಐದು ನಿಮಿಷದ ಟೆಸ್ಟ್ ರೈಡಿನಿಂದ ಈ ವಿಷಯದಲ್ಲಿ ಏನೂ ತಿಳಿಯುವುದಿಲ್ಲ. ಪೇಟೆಯ 40ರ ವೇಗದಲ್ಲಿ ಎರಡೂ ಎಂಜಿನ್‌ಗಳು ಹೆಚ್ಚುಕಡಿಮೆ ಒಂದೇ ತೆರ. ಹಳೆಯದೇ ಹೆಚ್ಚು ಜೀವಂತವಾಗಿ ಕಾಣಿಸಲೂಬಹುದು. ಸಾಧ್ಯವಾದರೆ ಪರಿಚಯದವರ ಗಾಡಿ ಕೇಳಿ ಪಡೆದು, ಶಿವಮೊಗ್ಗದ ಆಚೆಗಿನ ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಅರ್ಧ ಗಂಟೆ 80ರಲ್ಲಿ ಓಡಿಸಿ, ನಿಲ್ಲಿಸಿ, ಅಂಗಿಯ ಗುಂಡಿ ಹಾಕಿ ಬಿಚ್ಚಿ ನೋಡಬೇಕು. ಬೆರಳು ಹೇಳಿದಂತೆ ಕೇಳಿದರೆ ಆ ಗಾಡಿ ಆ ಸವಾರನಿಗೆ ಸರಿ. ಹಿಂದೆ ಕೂರುವವರನ್ನೂ ಕೂರಿಸಿಕೊಂಡೇ ಹೋಗಬೇಕು, ಅವರ ಅಭಿಪ್ರಾಯಕ್ಕೂ ಅಷ್ಟೇ ತೂಕವಿದೆ.

ಹೊಸದಾಗಿ ಕೊಳ್ಳುವವರಿಗೆ ಬ್ಯಾಲೆನ್ಸರ್ ಇರುವ ಎಂಜಿನ್ನೇ ಸರಿಯಾದ ಆಯ್ಕೆ. ಮಲೆನಾಡಿನ ನಿಧಾನದ ರಸ್ತೆಯಲ್ಲಿ ಅದು ಹಳೆಯದಕ್ಕಿಂತ ಕಡಿಮೆ ಏನನ್ನೂ ಕೊಡುವುದಿಲ್ಲ, ಹೆದ್ದಾರಿಯಲ್ಲಿ ಬಹಳ ಹೆಚ್ಚನ್ನು ಕೊಡುತ್ತದೆ. ಐವತ್ತು ದಾಟಿದವರಿಗೆ, ಮಣಿಕಟ್ಟಿನ ನೋವಿರುವವರಿಗೆ, ಬೆಂಗಳೂರು ಮಂಗಳೂರುಗಳಿಗೆ ಬೈಕಿನಲ್ಲೇ ಓಡಾಡುವವರಿಗೆ ಬೇರೆ ಯೋಚನೆಯೇ ಬೇಡ. ಮನೆಯಲ್ಲಿ ಈಗಾಗಲೇ ಚೆನ್ನಾಗಿರುವ ಯುಸಿಇ ಅಥವಾ ಅದಕ್ಕೂ ಹಳೆಯ ಬುಲೆಟ್ ಇದ್ದು, ಓಡಾಟ ತಾಲ್ಲೂಕಿನೊಳಗೇ ಮುಗಿಯುವುದಾದರೆ, ನಡುಕದ ಕಾರಣಕ್ಕೆ ಅದನ್ನು ಮಾರಿ ಸಾಲ ಮಾಡಿ ಹೊಸದು ತರುವ ಅಗತ್ಯವಿಲ್ಲ. ಆ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಒಳ್ಳೆಯ ಟೈರು, ಹೊಸ ಚೈನ್ ಸೆಟ್ಟು, ಸರಿಯಾಗಿ ಬಿಗಿದ ಬೋಲ್ಟುಗಳು ಸಿಗುತ್ತವೆ. 60ರ ವೇಗದಲ್ಲಿ ಅಷ್ಟು ಸಾಕು.